ಗೋಡೆ ಕಾಣದಷ್ಟು ಬೆಳಕು

ಗಡಿಯಾರಕ್ಕೆ ಮೊಳೆ ಹೊಡೆಯಲು ಹೋದ ಗ್ರಂಥಪಾಲಕರು ಹಾಲ್‌ನ ಗೋಡೆಯಿಂದ ಊಟದ ತಟ್ಟೆಯಗಲ ಗಾರೆ ಉದುರಿಸಿಬಿಟ್ಟರು. ಅದೂ ಎಂಥ ದಿನ! ಸಂಜೆ ಮನೆ ಓನರಮ್ಮ ಬಂದು, ಮನೆ ನೋಡಿ, ಕರಾರು ಮುಂದುವರಿಸುವುದೋ ಬೇಡವೋ ಹೇಳುವ ದಿನ. ಬಾಡಿಗೆದಾರರು ಆಕೆಗಿಟ್ಟ ಹೆಸರು ದುರ್ಬೀನು. ಗೋಡೆಯ ಮೇಲಿನ ಒಂದೇ ಒಂದು ಪೆನ್ಸಿಲ್ ಗೀಟಿಗೆ ಹಿಂದಿನವರನ್ನು ಗಂಟುಮೂಟೆ ಕಟ್ಟಿಸಿದವರು.

ಮುಚ್ಚಲು ಕ್ಯಾಲೆಂಡರ್ ತೂಗುಹಾಕೋಣವೆಂದರೆ ಮೊಳೆ ನಿಲ್ಲದು. ಸಿಮೆಂಟ್ ಮೆತ್ತಿದರೆ ಸಂಜೆಯೊಳಗೆ ಒಣಗದು. ಕೊನೆಗೆ ಗ್ರಂಥಪಾಲಕರಿಗೆ ಹೊಳೆದದ್ದು ಬಲ್ಬಿನ ಬೆಳಕು ತಗ್ಗಿಸುವ ಡಿಮ್ಮರ್ ಸ್ವಿಚ್ಚು. ಬೆಳಕನ್ನೇ ಇಳಿಸಿದರೆ ಹೊಂಡ ಕಾಣುವುದೆಲ್ಲಿಂದ?

"ಬೆಕ್ಕು ತನ್ನ ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತೆ. ನೀವು ಊರವರ ಕಣ್ಣು ಮುಚ್ಚಿಸಿ ಕುಡಿಯೋಕೆ ಹೊರಟಿದ್ದೀರಿ" ಎಂದರು ಹೆಂಡತಿ.

ಮಹಡಿ ಮನೆಯ ನಿವೃತ್ತ ಲೈನ್‌ಮನ್ ಬಂದು ಡಿಮ್ಮರ್ ಕೂರಿಸಿಕೊಟ್ಟರು. ತಿರುಗುಬಿಲ್ಲೆ ಇಳಿಸಿದ್ದೇ ತಡ, ಎಲ್‌ಇಡಿ ಬಲ್ಬು ಚಳಿಜ್ವರ ಬಂದಂತೆ ನಡುಗತೊಡಗಿತು. ಕಿಟಕಿಯಿಂದ ಅದನ್ನು ಕಂಡ ಎದುರುಮನೆಯ ಟೀಚರಮ್ಮ ಓಡಿಬಂದು, ಯಾರಿಗೆ ಸನ್ನೆ ಮಾಡುತ್ತಿದ್ದೀರಿ ಎಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಹೋಗಲಿಲ್ಲ; ಓನರಮ್ಮನ ಕುರ್ಚಿ ಯಾವ ಕಡೆ ಮುಖ ಮಾಡಿರಬೇಕೆಂದು ನಾಲ್ಕು ಸಲ ಜರುಗಿಸಿ ತೋರಿಸಿದರು.

ಲೈನ್‌ಮನ್ ಮಾತ್ರ ಪಾಠಕ್ಕೇ ಕೂತರು. "ಇದು ಸೆಕೆಂಡಿಗೆ ನೂರು ಸಲ ಕರೆಂಟ್ ಕತ್ತರಿಸಿ ಕತ್ತರಿಸಿ ಬಿಡುತ್ತೆ ಸಾರ್. ಕತ್ತರಿಸಿದ ಹೊತ್ತು ಜಾಸ್ತಿಯಾದಷ್ಟೂ ಬೆಳಕು ಕಮ್ಮಿ. ಹಳೇ ತಂತಿ ಬಲ್ಬಾದ್ರೆ, ಕರೆಂಟ್ ಹೋದ್ರೂ ತಂತಿ ಬಿಸಿ ಆರೋದ್ರೊಳಗೆ ಮತ್ತೆ ಬಂದಿರುತ್ತೆ, ಸಮಾಧಾನವಾಗಿ ಉರಿಯುತ್ತೆ. ನಿಮ್ಮ ಈ ಬಲ್ಬಿಗೆ ಅಷ್ಟು ತಾಳ್ಮೆ ಇಲ್ಲ."

ತಾಳ್ಮೆಯಿರುವ ಬಲ್ಬಿಗಾಗಿ ಗ್ರಂಥಪಾಲಕರು ಉರಿಬಿಸಿಲಲ್ಲಿ ಐದು ಅಂಗಡಿ ಅಲೆದರು. ಆರನೆಯದರಲ್ಲಿ ಧೂಳು ಹಿಡಿದು ಕೂತಿದ್ದ ಒಂದೇ ಒಂದನ್ನು ಹಸುಗೂಸಿನಂತೆ ಎದೆಗವಚಿಕೊಂಡು ತಂದರು.

ಸಂಜೆ ದುರ್ಬೀನು ಬಂದಾಗ ಹಾಲ್‌ನಲ್ಲಿ ಜೇನಿನ ಬಣ್ಣದ ಮಬ್ಬುಬೆಳಕು ಹರಡಿತ್ತು. ಆಕೆ ಗೋಡೆಗಳ ಮೇಲೆ ಕಣ್ಣಾಡಿಸಿದರು. ಕಣ್ಣು ಹೊಂಡದ ಮೇಲೂ ಹಾಯಿತು. ನೋಟ ಮುಂದಕ್ಕೆ ಸರಿಯಿತು. ಆಕೆ ಕುರ್ಚಿಗೊರಗಿ ಕಣ್ಣು ಅರೆಮುಚ್ಚಿ, ಎಂದೂ ನಗದವರು ನಕ್ಕರು.

"ಒಂದು ಕುಂದೂ ಇಲ್ಲ ಸಾರ್. ಈ ಮನೆ ಇಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರ್ಲಿಲ್ಲ. ಮಗಳು ಅಳಿಯನಿಗೆ ಮನೆ ಹುಡುಕಿ ಹುಡುಕಿ ಸಾಕಾಗಿತ್ತು, ಇನ್ನು ಹುಡುಕಲ್ಲ. ಮುಂದಿನ ತಿಂಗಳು ಖಾಲಿ ಮಾಡಿಕೊಡಿ. ಈ ಲೈಟ್ ಮಾತ್ರ ಬಿಚ್ಕೊಂಡು ಹೋಗ್ಬೇಡಿ."

ಗ್ರಂಥಪಾಲಕರ ಮುಖ ಸುಣ್ಣದಂತೆ ಬಿಳುಚಿದ್ದು ಆ ಬೆಳಕಿನಲ್ಲಿ ಯಾರಿಗೂ ಕಾಣಲಿಲ್ಲ.