ನೆಲ ಎಟುಕದ ಬೈಕು

"ಮೆಕ್ಯಾನಿಕ್ಕಾ? ನನ್ನ ಬೈಕಿಗಾ? ಈ ಎರಡು ಕೈ ಇರೋವರ್ಗೂ ಇನ್ನೊಬ್ಬ ಅದರ ನಟ್ಟು ಮುಟ್ಟಕೂಡ್ದು ಕಣೇ!"

ಕುವೆಂಪುನಗರದ ತನ್ನ ಮನೆಯ ವರಾಂಡದಲ್ಲಿ ಸ್ಪ್ಯಾನರನ್ನು ಗದೆಯಂತೆ ಎತ್ತಿ ಹಿಡಿದು ಹೀಗೆ ಗುಡುಗಿದವನು ಮೃತ್ಯುಂಜಯ. ಹೆಸರಿಗೇನೋ ಮೃತ್ಯುವನ್ನೇ ಗೆದ್ದವನು. ಹೆಂಡತಿ ಹೇಮಶ್ರೀಯನ್ನು ಒಂದೇ ಒಂದು ಮಾತಿನಲ್ಲಿ ಗೆದ್ದ ದಾಖಲೆ ಮಾತ್ರ ಇಲ್ಲ. ವಿಮಾ ಕಚೇರಿಯ ಈ ಗುಮಾಸ್ತನ ಹತ್ತಿರ ಮದುವೆಗೆ ಮುಂಚಿನಿಂದಲೂ ಒಂದು ಬೈಕಿತ್ತು. ಮಣ್ಣುಗುಡ್ಡ ಹತ್ತಿ ಹಳ್ಳ ಹಾರುವ ರೇಸಿನಲ್ಲಿ ಯಾರೋ ಓಡಿಸಿ ಬಿಟ್ಟ ಬೈಕು. ಇವನು ಅದರಲ್ಲಿ ಹಾರಿದ ಅತಿ ದೊಡ್ಡ ಹಳ್ಳವೆಂದರೆ ಫೋನಿನವರು ಅಗೆದು ಮುಚ್ಚದೇ ಬಿಟ್ಟ ಗುಂಡಿ. ಆದರೂ ಅದೆಂದರೆ ಪ್ರಾಣ!

ಆ ಪ್ರಾಣಕ್ಕೆ ಕುತ್ತು ಬಂದದ್ದು ಒಂದು ರೋಡ್ ಹಂಪಿನಿಂದ. ಮುಂದಿನ ಚಕ್ರವನ್ನು ಹಿಡಿದುಕೊಂಡು ಕುಲುಕಾಟ ನುಂಗಬೇಕಾದ ಎರಡು ಕೊಳವೆಗಳಿರುತ್ತವಲ್ಲ, ಫೋರ್ಕು, ಅದು ಎಣ್ಣೆ ಸೋರಿ ಸೋರಿ ಸತ್ತೇಹೋಗಿತ್ತು. ಹಂಪು ಬಂತು. ಹೇಮಶ್ರೀ ಹಿಂದಿನ ಸೀಟಿನಿಂದ ಗಾಳಿಗೆ ಹಾರಿದಳು. ವಾಪಸು ಬಂದು ಕೂತದ್ದು ರಸ್ತೆಯ ಮೇಲೆ.

"ಬೈಕು ನಮ್ಮ ಬಸವರಾಜುಗೆ ಕೊಟ್ಬುಡಿ," ಎಂದಳು, ಸೊಂಟಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಾ. ಬಸವರಾಜು ಅವಳ ಚಿಕ್ಕಪ್ಪನ ಮಗ. ಕಾಡಂಚಿನ ರೆಸಾರ್ಟೊಂದರಲ್ಲಿ ಕೆಲಸ. ಆ ದಾರಿಗೆ ಇಂಥದೇ ಬೈಕು ಬೇಕೆಂದು ಕೇಳುತ್ತಲೇ ಇದ್ದ.

"ಹೊಸ ಫೋರ್ಕು ಹಾಕ್ತೀನಿ! ಬೈಕನ್ನ ಮೇಲ್ದರ್ಜೆಗೆ ಏರಿಸ್ತೀನಿ!"

"ಏರಿಸಿ. ಭಾನುವಾರ ಬಸವರಾಜು ಬರ್ತಾನೆ. ಒಂದು ರೌಂಡು ಹೋಗ್ಬಂದು ಮನೆ ಮುಂದೆ ನೆಟ್ಟಗೆ ನಿಲ್ಲಿಸಿ ತೋರ್ಸಿ. ನಿಲ್ಸಿದ್ರೆ ಬೈಕು ನಿಮ್ದು. ಇಲ್ಲಾಂದ್ರೆ ಅವನ್ದು."

ಇಷ್ಟೇ ತಾನೇ! ಮೃತ್ಯುಂಜಯ ಟೇಪು ಹಿಡಿದು ಲಷ್ಕರ್ ಮೊಹಲ್ಲಾದ ಗುಜರಿ ಅಂಗಡಿಗೆ ಓಡಿದ. ಯಾವುದೋ ಹೊಸ ಕಾಲದ ದೊಡ್ಡ ಬೈಕಿನ ಫೋರ್ಕು, ಕೊಬ್ಬಿದ ಬಾಳೆದಿಂಡಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಕೊಳವೆಯ ದಪ್ಪ ಅಳೆದ, ಆಕ್ಸಲ್ ಅಳೆದ, ಚಕ್ರದ ಅಗಲ ಅಳೆದ. ಅಳೆದೂ ಅಳೆದೂ ಅಂಗಡಿಯವನಿಗೆ ಆಕಳಿಕೆ ಬಂತು.

ಮನೆಗೆ ತಂದು ಹಳೆಯದನ್ನು ಎಳೆದದ್ದೇ ತಡ, ಹ್ಯಾಂಡಲ್ ಬುಡದ ಬೇರಿಂಗಿನಲ್ಲಿದ್ದ ಉಕ್ಕಿನ ಗುಂಡುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಮನೆತುಂಬ ಉರುಳಿದವು. ಇವನು ನಾಲ್ಕು ಕಾಲಿನಲ್ಲಿ ಮಂಚದಡಿ, ಬೀರುವಿನಡಿ ತೆವಳಿದ. ಕೊನೆಯ ಗುಂಡು ಊಟದ ಹೊತ್ತಿಗೆ ಹೇಮಶ್ರೀಯ ಹಲ್ಲಿಗೆ ಸಿಕ್ಕಿತು.

"ಅಯ್ಯೋ! ಬೇಳೆ ಬೆಂದೇ ಇಲ್ವಲ್ಲ!" ಎಂದು ಉಗಿದು ನೋಡಿದಳು. ಬೇಳೆ ತಟ್ಟೆಯಲ್ಲಿ ಟಣ್ ಎಂದಿತು. "ರೀ! ನಿಮ್ ಬೇಳೆ ನನ್ನ ಹತ್ರ ಬೇಯಲ್ಲ, ಹೇಳಿದೀನಿ!"

ಅಂತೂ ಭಾನುವಾರದ ಹೊತ್ತಿಗೆ ಫೋರ್ಕು ಕೂತಿತು. ಬೈಕು ಮೂತಿ ಮೇಲೆತ್ತಿ ನಿಂತಿತು. ಮೃತ್ಯುಂಜಯ ಗೇಟಿನ ಪಕ್ಕದ ಕಟ್ಟೆ ಏರಿ, ಅಲ್ಲಿಂದ ಮಹಾರಾಜರು ಅಂಬಾರಿ ಏರುವ ಠೀವಿಯಲ್ಲಿ ಕಾಲು ದಾಟಿಸಿ ಕೂತು ಹೊರಟೇಬಿಟ್ಟ. ಆಹಾ! ಹಂಪುಗಳು ಹತ್ತಿಯ ಹಾಸಿಗೆಯಾದವು. ಗೆದ್ದೆ ಎಂದುಕೊಂಡ. ಮೊದಲ ತಿರುವಿನಲ್ಲಿ ನಿಧಾನಿಸಿ ಕಾಲು ಕೆಳಗಿಟ್ಟ. ಕಾಲು ಕೆಳಗೆ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ನೆಲ ಮಾತ್ರ ಬರಲಿಲ್ಲ!

ಪ್ರಪಂಚವನ್ನೆಲ್ಲ ಅಳೆದ ಮಹಾನುಭಾವ ಫೋರ್ಕಿನ ಉದ್ದವನ್ನೂ ತನ್ನ ಕಾಲಿನ ಉದ್ದವನ್ನೂ ಅಳೆಯುವುದನ್ನು ಮರೆತಿದ್ದ. ತಟಕ್ಕನೆ ಆಕ್ಸಿಲರೇಟರ್ ತಿರುವಿ ಹೇಗೋ ಬಚಾವಾದ. ಬಿದ್ದರೆ ಬೈಕು ಬಸವರಾಜುವಿನದು. ಇಳಿಯಬೇಕೆಂದರೆ ಕಟ್ಟೆಯೇ ಗತಿ. ಮನೆ ಹತ್ತಿರ ಬಂದರೆ ಅದೇ ಕಟ್ಟೆಗೆ ಒತ್ತಿಕೊಂಡು ಬಸವರಾಜು ತನ್ನ ಸ್ಕೂಟರ್ ನಿಲ್ಲಿಸಿ, ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾನೆ!

"ಸ್ಕೂಟರ್ ತೆಗಿಯೋ!" ಎಂದು ಕಿರುಚುತ್ತಾ ಮುಂದೆ ಹೋದ.

"ನೋಡಿದ್ಯಾ," ಎಂದಳು ಹೇಮಶ್ರೀ, "ಮನೆಗ್ ಬಂದೋನ್ನ ಸ್ಕೂಟರ್ ತಗೊಂಡು ಹೊರಡು ಅಂತಾರೆ. ನೀನು ಕುಡಿಯಪ್ಪ."

ಎರಡನೆಯ ಸುತ್ತು.

"ರೀ, ಸಾಕು ನಿಲ್ಸ್ರೀ!"

"ಎಟುಕ್ತಿಲ್ಲ ಕಣೇ!"

"ಏನ್ ಎಟುಕ್ತಿಲ್ಲ?"

"ನೆಲಾ!"

ಗೋಡೆ ಹಿಡಿದು ನಿಲ್ಲೋಣವೆಂದರೆ ಬೀದಿಯ ಗೋಡೆಗಳಿಗೆಲ್ಲ ಗಾಜಿನ ಚೂರು ನೆಟ್ಟಿದ್ದಾರೆ. ಎದುರುಮನೆಯ ಸಿದ್ದಪ್ಪಾಜಿಯವರು ಪ್ರತಿ ಸುತ್ತಿಗೂ "ಭೇಷ್ ಮೃತ್ಯುಂಜಯ, ಭೇಷ್!" ಎಂದು ಚಪ್ಪಾಳೆ ತಟ್ಟುತ್ತಿದ್ದಾರೆ. ಇವನಿಗೆ ಅಳುವೇ ಬಂತು. ಪೆಟ್ರೋಲ್ ಮುಗಿಯುವ ತನಕ ಗಿರಗಿಟ್ಟಲೆಯಾಗಿ ತಿರುಗಿ, ಕೊನೆಗೆ ಬಿದ್ದು, ಬೈಕನ್ನೂ ಕಳೆದುಕೊಳ್ಳುವುದೇ ತನ್ನ ಹಣೆಬರಹವೆಂದು ತೀರ್ಮಾನಿಸಿದ.

ಮುಂದಿನ ಸುತ್ತಿಗೆ ಹೇಮಶ್ರೀ ಒಳಗೋಡಿ, ಅಟ್ಟದ ಡಬ್ಬಿ ಇಳಿಸಲು ಇಟ್ಟಿದ್ದ ಸ್ಟೂಲು ತಂದು ನಡುರಸ್ತೆಯಲ್ಲಿ ಕುಕ್ಕಿದಳು. "ಇದರ ಮೇಲೆ ಕಾಲಿಡ್ರೀ!"

ಮೃತ್ಯುಂಜಯ ಬ್ರೇಕ್ ಒತ್ತಿದ, ಕಾಲಿಟ್ಟ, ತೂಗಾಡಿದ. ನಿಂತ!

"ನಿಲ್ಸ್ಬುಟ್ಟೆ! ಮನೆ ಮುಂದೆ ನೆಟ್ಟಗೆ ನಿಲ್ಸ್ಬುಟ್ಟೆ ಕಣೇ! ಬೈಕು ನಂದು!"

"ನಿಮ್ದೇ ಕಣ್ರೀ, ಇಟ್ಕೊಳ್ಳಿ," ಎಂದಳು ಹೇಮಶ್ರೀ. "ನಾಳೆ ಆಫೀಸಿಗೆ ಹೊರಟಾಗ ಒಂದೊಂದ್ ಸಿಗ್ನಲ್ಗೂ ನಾನೇ ಸ್ಟೂಲ್ ಎತ್ಕೊಂಡು ಮುಂಚೆ ಹೋಗಿ ನಿಂತಿರ್ಬೇಕಾ?"

ಗೆದ್ದವನ ಮುಖ ಸಪ್ಪಗಾಯಿತು. ಮನಸ್ಸಿನಲ್ಲೇ ಆಫೀಸಿನವರೆಗಿನ ಸಿಗ್ನಲ್‌ಗಳನ್ನೆಲ್ಲ ನೆನೆದುಕೊಂಡ. ಸ್ಟೂಲಿನ ಮೇಲೆ ಇಳಿದು, ಕೀಲಿಯನ್ನು ಬಸವರಾಜುವಿನ ಕೈಗಿಟ್ಟು ಮುಖ ತಿರುಗಿಸಿಕೊಂಡ. "ತಗೊಂಡೋಗಪ್ಪ. ಚೆನ್ನಾಗ್ ನೋಡ್ಕೋ."

ಬಸವರಾಜು ಕಟ್ಟೆಯಿಂದ ಎದ್ದ. ಏಳುತ್ತಾ ಏಳುತ್ತಾ ಆರಡಿ ದಾಟಿದ. ಬಚ್ಚಲ ಹೊಸ್ತಿಲು ದಾಟುವಷ್ಟು ಸಲೀಸಾಗಿ ಬೈಕಿನ ಮೇಲೆ ಕಾಲು ಹಾಕಿ, ಎರಡೂ ಪಾದ ನೆಲಕ್ಕೂರಿ, ಮುಂದಿನ ಫೋರ್ಕನ್ನು ಕುಣಿಸಿ ನೋಡಿದ.

"ಏನ್ ಕೆಲಸ ಮಾಡಿದೀರಿ ಭಾವ! ಭಲೇ! ಒಂದೇ ಒಂದು ಕೊರತೆ ನೋಡಿ, ಮಂಡಿ ಮಡಚ್ಕೊಂಡು ಕೂತ್ಕೋಬೇಕು. ಇನ್ನೊಂದೆರಡಿಂಚು ಉದ್ದದ್ದು ಸಿಕ್ಕಲಿಲ್ವಾ?"