ಕಂಸಮಾಮಾನ ಒಳಗಿನ ಕಂಸ

ನನ್ನ ಸೋದರಮಾವ ಕಂಸ. ಬೈಗುಳ ಎಂದು ತಿಳಿಯಬೇಡಿ. ಇದು ಆರೋಪ, ಮತ್ತು ಆರೋಪಕ್ಕೆ ಭಾಲ್ಕಿಯ ತುಂಬ ಸಾಕ್ಷಿಗಳಿದ್ದಾರೆ. ಅವರ ಕೈಯಲ್ಲಿ ಗಣಿತ ಕಲಿತ ಯಾರನ್ನಾದರೂ ಕೇಳಿ, 'ಕಂಸಮಾಮಾ ಸರ್' ಎಂದೇ ಹೇಳುತ್ತಾರೆ. ಮೊದಲು ಬರೀ ಕಂಸ ಸರ್ ಆಗಿದ್ದರಂತೆ. ಚಿಕ್ಕವಳಿದ್ದಾಗ ನಾನೊಮ್ಮೆ ಅವರ ಶಾಲೆಗೆ ಹೋಗಿ ಎಲ್ಲರೆದುರು 'ಮಾಮಾ' ಎಂದು ಕೂಗಿಬಿಟ್ಟೆ. ಪುರಾಣಕ್ಕೆ ಇನ್ನೇನು ಬೇಕು!

ಈಗಿನ ಪುಸ್ತಕಗಳು 'ಆವರಣ' ಎನ್ನುತ್ತವೆ. ಮಾಮಾ ಕಲಿತ ಕಾಲದಲ್ಲಿ, ನಮ್ಮ ಗಡಿ ಸೀಮೆಯ ಮಾತಿನಲ್ಲಿ, ಲೆಕ್ಕದ ಆ ಬಾಗಿದ ಗೆರೆಗಳಿಗೆ ಕಂಸ ಎಂದೇ ಹೆಸರು. ಕಂಸದೊಳಗೆ ಕಂಸ, ಭಿನ್ನರಾಶಿಯ ಹೊಟ್ಟೆಯಲ್ಲಿ ಇನ್ನೊಂದು ಭಿನ್ನರಾಶಿ. ಇಂಥ ಲೆಕ್ಕ ಕಂಡರೆ ಮಕ್ಕಳಿಗೆ ಜ್ವರ ಬರುತ್ತದೆ, ಮಾಮಾ ತೋಳೇರಿಸುತ್ತಾರೆ. ಅವರ ಧರ್ಮ ಒಂದೇ ಸಾಲಿನದು: ಎಲ್ಲಕ್ಕಿಂತ ಒಳಗಿನದನ್ನು ಮೊದಲು ಬಿಡಿಸು, ಆಮೇಲೆ ಹೊರಗೆ ಬಾ. ಇದು ಹಲಗೆಯ ಮೇಲೆಯೇ ಉಳಿದಿದ್ದರೆ ಯಾರಿಗೆ ತಕರಾರಿತ್ತು? ಹಲಗೆಯಿಂದ ಕೆಳಗಿಳಿದದ್ದೇ ತೊಂದರೆ.

ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಮಾಮಾ ಮಾತ್ರ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಲ್ಲುತ್ತಾರೆ. ಒಳಗಿನವರೆಲ್ಲ ಇಳಿಯುವ ತನಕ ಹೊರಗಿನವರು ಹತ್ತುವಂತಿಲ್ಲ, ಯಾಕೆಂದರೆ ಅದು ಒಳಗಿನ ಕಂಸ! ಒಂದು ಸಲ ಒಳಗಿನವರೆಲ್ಲ ಇಳಿದರು, ಹೊರಗಿನವರೆಲ್ಲ ಇವರ ಕಂಕುಳಡಿಯಿಂದ ನುಸುಳಿ ಹತ್ತಿದರು, ಬಸ್ಸು ಹೊರಟೇಹೋಯಿತು. ಎರಡೂ ಕೈ ಚಾಚಿಕೊಂಡು ಮಾಮಾ ಒಬ್ಬರೇ ಉಳಿದರು, ಒಳಗೇನೂ ಇಲ್ಲದ ಕಂಸದ ಹಾಗೆ.

ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ, ಅವರ ನಿಯಮ ಒಮ್ಮೊಮ್ಮೆ ಕೆಲಸ ಮಾಡುವುದೂ ಉಂಟು. ಅವರ ಬಾಡಿಗೆ ಮನೆ ಕೆಳಗಿನದು, ಮೇಲೆ ಮಾಲೀಕರ ಕೂಡು ಕುಟುಂಬ. ನೀರಿನ ಟ್ಯಾಂಕಿನ ಸಲುವಾಗಿ ಮೇಲಿನವರಿಗೂ ಕೆಳಗಿನವರಿಗೂ ಜಗಳ ಹತ್ತಿತು. ಮಾಮಾ ನಡುವಿನ ಸ್ಲ್ಯಾಬ್ ತೋರಿಸಿ, ಇದು ಭಿನ್ನರಾಶಿಯ ಗೆರೆ, ಗೆರೆಯೂ ಒಂದು ಕಂಸವೇ, ಮೇಲಿನವರು ಮೊದಲು ತಮ್ಮೊಳಗೆ ಬಗೆಹರಿಸಿಕೊಳ್ಳಲಿ, ಕೆಳಗಿನವರು ತಮ್ಮೊಳಗೆ, ಭಾಗಾಕಾರ ಆಮೇಲೆ ಎಂದು ತೀರ್ಪು ಕೊಟ್ಟರು. ಮೇಲಿನ ಅಣ್ಣತಮ್ಮಂದಿರು ತಮ್ಮೊಳಗೆ ಬಗೆಹರಿಸಿಕೊಳ್ಳಲು ಕೂತರು ನೋಡಿ, ಹಳೆಯ ಜಗಳಗಳೆಲ್ಲ ಎದ್ದು ಕೂತವು. ಕೆಳಗಿನವರ ನೆನಪೇ ಹಾರಿತು. ಛೇದದಲ್ಲಿದ್ದ ಮಾಮಾನ ಮನೆಗೆ ಆ ಬೇಸಿಗೆಯೆಲ್ಲ ನೀರು ಭರ್ತಿ ಬಂತು.

ಇಂಥವರು ನನ್ನ ಅಕ್ಕನ ಮದುವೆಗೆ ಅಡ್ಡ ನಿಂತರು. ಕಂಸ ಅಂದಮೇಲೆ ನಿಲ್ಲಲೇಬೇಕಲ್ಲ!

ನಮ್ಮಲ್ಲಿ ಮದುವೆಯ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವಾಗ ಸೋದರಮಾವ ಮದುಮಗಳ ಬೆನ್ನ ಹಿಂದೆ ನಿಲ್ಲಬೇಕು. ಯಾಕೆ ನಿಲ್ಲಬೇಕು, ಮದುಮಗಳು ಹಿಂದಕ್ಕೆ ಬೀಳುತ್ತಾಳೆಯೇ ಎಂದು ನಾನು ಕೇಳಿದ್ದುಂಟು. ಉತ್ತರ ಯಾರೂ ಕೊಟ್ಟಿಲ್ಲ, ಆದರೆ ಅವರಿಲ್ಲದೆ ಮದುವೆ ನಡೆದದ್ದೂ ಇಲ್ಲ. ಬೀದರಿನ ನಮ್ಮ ಮನೆಯಲ್ಲಿ ಕರೆಯೋಲೆಯ ಮಾತು ನಡೆದಿತ್ತು. ಭಾತಂಬ್ರಾದಿಂದ ಅಜ್ಜ, ಅಂದರೆ ಅವ್ವನ ಅಪ್ಪ, ಬಂದು ಕೂತಿದ್ದರು. ಮಾಮಾ ಒಂದೇ ಒಂದು ಹೆಸರು ಎತ್ತಿದರು. ಔರಾದಿನ ದೊಡ್ಡವ್ವ.

ದೊಡ್ಡವ್ವ ಎಂದರೆ ಅವ್ವನಿಗೂ ಮಾಮಾನಿಗೂ ಅಕ್ಕ. ನಾನು ಹುಟ್ಟುವ ಮೊದಲೇ ತನ್ನ ಮನಸ್ಸಿಗೆ ಬಂದವರನ್ನು, ಬೇರೆ ಧರ್ಮದವರನ್ನು, ಮದುವೆಯಾಗಿ ಔರಾದಿಗೆ ಹೋದವಳು. ಗಂಡ ಟೈಲರ್, ಮನೆಮಾತು ದಖ್ಖನಿ. ಅಂದಿನಿಂದ ಅವಳು ನಮ್ಮ ಮನೆಯ ಮಾತಿನಲ್ಲೂ ಇಲ್ಲ, ಫೋಟೋದಲ್ಲೂ ಇಲ್ಲ.

"ಆಕಿ ಹೆಸರು ಎಂದೋ ಹೊಡದು ಹಾಕೀನಿ," ಎಂದರು ಅಜ್ಜ.

ಹೊಡೆದು ಹಾಕುವುದು! ಲೆಕ್ಕದಲ್ಲಿ ಮೇಲೊಂದು ಕೆಳಗೊಂದು ಅದೇ ಅಂಕಿ ಕಂಡ ಕೂಡಲೇ ಮಕ್ಕಳು ಓರೆಗೆರೆ ಎಳೆದುಬಿಡುತ್ತಾರಲ್ಲ, ಅದಕ್ಕೂ ನಮ್ಮ ಕಡೆ ಇದೇ ಮಾತು. ಅಜ್ಜ ಬೇರೆ ಯಾವ ಪದ ಬಳಸಿದ್ದರೂ ಅಂದು ಪಾರಾಗುತ್ತಿದ್ದರು.

"ಕೂಡಿಸಿದ್ದು ಹೊಡೀಲಿಕ್ಕಿ ಬರಲ್ಲರಿ ಅಪ್ಪಾ. ಗುಣಿಸಿದ್ದಷ್ಟೇ ಹೊಡೀಬಹುದು. ಅಕ್ಕ ಈ ಮನಿಗಿ ಕೂಡಿಸಿದಾಕಿ," ಎಂದರು ಮಾಮಾ.

"ಇದೇನು ನಿನ್ನ ಸಾಲಿ ಅಂತ ತಿಳದೀಯೇನು?"

"ಸಾಲಿ ಆಗಿದ್ರ ನಿಮಗ ಸೊನ್ನಿ ಕೊಡ್ತಿದ್ದೆರಿ."

ದೊಡ್ಡವ್ವ ಬರದಿದ್ದರೆ ತಾನೂ ಮದುಮಗಳ ಹಿಂದೆ ನಿಲ್ಲುವುದಿಲ್ಲ ಎಂದು ಹೇಳಿ ಮಾಮಾ ಭಾಲ್ಕಿಗೆ ಹೊರಟುಹೋದರು. ನನ್ನ ಅಕ್ಕ ಅತ್ತಳು. ಅವ್ವ ಅಳಲಿಲ್ಲ, ಅಪ್ಪನನ್ನೂ ನೋಡಲಿಲ್ಲ, ತಮ್ಮ ಹೋದ ಬಾಗಿಲನ್ನೇ ನೋಡುತ್ತ ಕೂತಳು. ಕೊನೆಗೆ ಸಂಧಾನಕ್ಕೆ ಆರಿಸಿದ್ದು ನನ್ನನ್ನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಗೆದ್ದವಳು ನಾನು. ಸ್ವಂತ ಮಾಮಾನನ್ನು ಗೆಲ್ಲಲಾರೆನೇ?

"ಬರ್ರಿ ವಕೀಲ್ರಾ," ಎಂದರು ಮಾಮಾ, ಭಾಲ್ಕಿಯ ಮನೆಗೆ ಬಂದ ನನ್ನನ್ನು ಕಂಡು. ಅಡುಗೆಮನೆಯ ಬಾಗಿಲಿಗೆ ಕಪ್ಪು ಬಣ್ಣ ಹೊಡೆಸಿ ಹಲಗೆ ಮಾಡಿಕೊಂಡಿದ್ದಾರೆ. ಒಳಗೆ ಮಾಮಿ ಒಗ್ಗರಣೆ ಕೊಟ್ಟರೆ ಹೊರಗಿನ ಬೀಜಗಣಿತ ಸೀನುತ್ತದೆ. ಎದುರಾಳಿಯ ನೆಲದಲ್ಲಿ ಆಡಬಾರದು ಎಂಬುದು ಚರ್ಚೆಯ ಮೊದಲ ಪಾಠ. ಆಡಿದೆ.

ಮೇಲೆ ಒಂದು. ಕೆಳಗೊಂದು ಗೆರೆ. ಗೆರೆಯ ಕೆಳಗೆ, ಒಂದರಲ್ಲಿ 'ಒಂದು ಬೈ ಎಕ್ಸ್' ಕಳೆಯಿರಿ. ಸರಳ ಮಾಡು ಎಂದರು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಗಳನ್ನೇ ಬರೆದು ಬೆಳೆದ ಪೀಳಿಗೆ ನಮ್ಮದು. ಎಕ್ಸ್ ಜಾಗದಲ್ಲಿ ಒಂದು ಇಟ್ಟು ನೋಡಿದರೆ ಮುಗಿಯಿತು, ಇಷ್ಟೆಲ್ಲ ಹಂತ ಯಾಕೆ ಎಂದೆ. ಇಡು ಎಂದರು. ಇಟ್ಟೆ. ಒಂದರಲ್ಲಿ ಒಂದು ಕಳೆದು ಗೆರೆಯ ಕೆಳಗೆ ಸೊನ್ನೆ ಬಂತು. ಸೊನ್ನೆಯಿಂದ ಭಾಗಿಸಲು ಯಾರಪ್ಪನಿಗೂ ಬರುವುದಿಲ್ಲ. ಬಾಗಿಲ ಹಿಂದಿನಿಂದ ಮಾಮಿ ನಕ್ಕಿದ್ದು ಕೇಳಿಸಿತು.

ಮಾಮಾ ತಾವೇ ಬಿಡಿಸಿದರು. ಒಳಗಿನದು ಮೊದಲು: ಒಂದರಲ್ಲಿ 'ಒಂದು ಬೈ ಎಕ್ಸ್' ಹೋದರೆ, ಮೇಲೆ ಎಕ್ಸ್ ಮೈನಸ್ ಒಂದು, ಕೆಳಗೆ ಎಕ್ಸ್. ಒಂದನ್ನು ಅದರಿಂದ ಭಾಗಿಸಬೇಕಾದರೆ ತಲೆಕೆಳಗು ಮಾಡಬೇಕು, ಎಕ್ಸ್ ಮೇಲೆ ಬಂತು, ಎಕ್ಸ್ ಮೈನಸ್ ಒಂದು ಕೆಳಗೆ ಹೋಯಿತು. ಚೊಕ್ಕ ಉತ್ತರ. ಈಗ ಎಕ್ಸ್ ಜಾಗದಲ್ಲಿ ಸೊನ್ನೆ ಇಡು ಎಂದರು. ಇಟ್ಟೆ. ಉತ್ತರ ಸೊನ್ನೆ, ಯಾವ ತೊಂದರೆಯೂ ಇಲ್ಲ.

"ಉತ್ತರದಾಗ ತೊಂದರಿ ಕಾಣಲ್ಲ. ಪ್ರಶ್ನಿ ಒಳಗ ನೋಡು, ಎಕ್ಸ್ ಕೆಳಗದ. ಅಲ್ಲಿ ಸೊನ್ನಿ ಇಟ್ಟೆಂದ್ರ ಲೆಕ್ಕನೇ ಹುಟ್ಟಲ್ಲ. ಸರಳ ಮಾಡಿದ ಕೂಡಲೇ ಒಳಗಿನ ತೊಂದರಿ ಮುಚ್ಚಿ ಹೋಯ್ತು. ಹೋಗಿಲ್ಲ, ಮುಚ್ಚ್ಯಾದ. ನಮ್ಮ ಮನಿನೂ ಹಿಂಗೇ ಸರಳ ಮಾಡ್ಯಾರ."

ಒಳ್ಳೆಯ ವಾದ. ಗಣಿತವನ್ನು ಒಪ್ಪಿದೆ. ಆದರೆ ಉಪಮೆ ಸಾಕ್ಷ್ಯವಲ್ಲ! ಮನೆ ಭಿನ್ನರಾಶಿಯಲ್ಲ, ದೊಡ್ಡವ್ವ ಎಕ್ಸ್ ಅಲ್ಲ, ಅಜ್ಜನಂತೂ ಯಾವ ಸೂತ್ರಕ್ಕೂ ಬಗ್ಗುವವರಲ್ಲ. ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ, ಮಾಮಾನನ್ನು ಮಣಿಸಲು ಬಂದ ನನ್ನ ಬಾಯಿಂದ ಬೇರೆಯೇ ಮಾತು ಬಂತು.

"ಇದಕ್ಕ ಲೆಕ್ಕ ಯಾಕ ಬೇಕರಿ ಮಾಮಾ? ಆಕಿ ನಿಮ್ಮ ಅಕ್ಕ. ಅದೊಂದು ಸಾಕಾಗಲ್ಲೇನು?"

ಮಾಮಾ ಸೀಮೆಸುಣ್ಣ ಕೆಳಗಿಟ್ಟರು. ಒಳಗೆ ಮಾಮಿಯ ಸೌಟೂ ನಿಂತಿತು.

"ಲೆಕ್ಕ ಹೇಳುವಾಗ ದನಿ ನಡಗಲ್ಲವ್ವ," ಎಂದರು.

ಆಮೇಲೆ ಬೈಕಿನ ಕೀಲಿ ತೆಗೆದುಕೊಂಡರು. ಸಂಧಾನಕ್ಕೆ ಹೋದ ರಾಯಭಾರಿ ಶತ್ರುವಿನ ಬೈಕ್ ಹಿಂದೆ ಕೂತು ಔರಾದಿಗೆ ಹೊರಟದ್ದು ಹೀಗೆ.

ಅಂಗಡಿ ಮುಂದೆ, ಮನೆ ಹಿಂದೆ. ಹೊಲಿಗೆ ಯಂತ್ರದ ಮುಂದಿದ್ದ ಹೆಂಗಸು ತಲೆಯೆತ್ತಿದಳು. ಅವ್ವನ ಮೂಗು, ಅವ್ವನ ಹುಬ್ಬು. ಮಾಮಾ ಬಾಗಿಲಲ್ಲೇ ನಿಂತು ಮದುವೆಯ ಸುದ್ದಿ ಹೇಳಿದರು, ನೀನು ಬರಬೇಕು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ! ಅಕ್ಕಾ, ಒಂದು ಗೆರೆ ಇದೆ ಎಂದು ತಿಳಿದುಕೋ ಎಂದು ಶುರು ಮಾಡಿದರು.

"ಗೆರಿ ನನಗ ಹೇಳಬ್ಯಾಡ. ಅಪ್ಪ ಎಳದ. ನೀ ಆ ಕಡಿ ನಿಂತಿದ್ದಿ. ಭಾಲ್ಕಿ ಏನು ಪರದೇಶದಾಗದಾ? ಇಷ್ಟು ವರ್ಷ ನಿನ್ನ ಲೆಕ್ಕ ಎಲ್ಲಿ ಹೋಗಿತ್ತು? ನಾ ಬರಲ್ಲ, ಹೋಗು."

ನಾನು ಮಧ್ಯೆ ಬಾಯಿ ಹಾಕಬೇಕೆಂದೆ. ಯಾವ ಪಕ್ಷ ಹಿಡಿಯಲಿ? ಅವಳ ಮಾತಿನಲ್ಲಿ ಒಂದು ಬಿರುಕೂ ಇರಲಿಲ್ಲ. ದೊಡ್ಡಪ್ಪ ಒಳಗಿನಿಂದ ಬಂದು, "ಬೈಠೋ ಮಾಸ್ಟರ್, ಚಾಯ್ ಪೀಕೆ ಲಡೋ," ಎಂದರು. ಮೊದಲು ಚಹ, ಆಮೇಲೆ ಜಗಳ. ಕ್ರಮ ಎಂದರೆ ಇದು! ಮಾಮಾ ಕೂತರು. ಬಾಯಿಬಿಟ್ಟು ಒಂದು ಸೂತ್ರವನ್ನೂ ಹೇಳಲಿಲ್ಲ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿದರು, ಕುಡಿಯಲೂ ಇಲ್ಲ.

ದೊಡ್ಡವ್ವ ಯಂತ್ರ ತುಳಿದಳು. ನಿಲ್ಲಿಸಿದಳು. ಮತ್ತೆ ತುಳಿದಳು. ಕೊನೆಗೆ ಎದ್ದು, ಕೊರಳಲ್ಲಿದ್ದ ಟೇಪು ತೆಗೆದು ತಮ್ಮನ ಮುಂದೆ ಬಂದು ನಿಂತಳು.

"ಎದ್ದು ನಿಂದರು. ಮದುವಿಗಿ ಇದೇ ಅಂಗಿ ಮ್ಯಾಲ ಬರಾಂವೇನು? ಭುಜ ನೋಡು, ಎಲ್ಲಿಗಿ ಇಳದಾವ. ಕೈ ಎತ್ತು."

ಮಾಮಾ ಎತ್ತಿದರು.

ಮದುವೆಯ ದಿನ ಅಜ್ಜ ಫಂಕ್ಷನ್ ಹಾಲಿನಲ್ಲಿ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಕೊಂಡು ಕೂತರು. ಕೂರಲಿ. ಅವರ ಗೋಡೆ, ಅವರ ಮುಖ. ಹಲಬರ್ಗಾದ ಬೀಗರೊಬ್ಬರು ಯಾರು ಆ ಹೆಂಗಸು ಎಂದು ಪಿಸುಗುಟ್ಟಿದ್ದಕ್ಕೆ ಅವ್ವ ತಾನೇ ಎದ್ದು ಹೋಗಿ, ಇಡೀ ಹಾಲಿಗೆ ಕೇಳುವಂತೆ ಉತ್ತರ ಕೊಟ್ಟು ಬಂದಳು. ನಾನು ಸಿದ್ಧಮಾಡಿಕೊಂಡಿದ್ದ ವಾದಗಳೆಲ್ಲ ವ್ಯರ್ಥವಾದವು.

ಅಕ್ಕನ ಬೆನ್ನ ಹಿಂದೆ ಹೊಸ ಅಂಗಿಯಲ್ಲಿ ಮಾಮಾ ನಿಂತಿದ್ದರು. ಮಾಮಾನ ಬೆನ್ನ ಹಿಂದೆ ದೊಡ್ಡವ್ವ. ಅಕ್ಕಿಕಾಳು ಬೀಳಲು ಇನ್ನೇನು ಕ್ಷಣವಿದೆ ಎನ್ನುವಾಗ, ಅವಳ ಕಣ್ಣಿಗೆ ತಮ್ಮನ ಕಾಲರಿನಲ್ಲಿ ಉಳಿದುಹೋದ ಒಂದು ಎಳೆ ದಾರ ಬಿತ್ತು. ಅಷ್ಟು ಜನರ ಮುಂದೆ, ತುದಿಗಾಲಿನ ಮೇಲೆ ನಿಂತು, ಕಾಲರನ್ನು ಎಳೆದು ಹಿಡಿದು ಹಲ್ಲಿನಿಂದ ಅದನ್ನು ಕಚ್ಚಿ ತೆಗೆದಳು. ಕಂಸಮಾಮಾ ಚಿಕ್ಕ ಹುಡುಗನ ಹಾಗೆ ಕುತ್ತಿಗೆ ಬಗ್ಗಿಸಿಕೊಟ್ಟು, ಕಣ್ಣು ಮುಚ್ಚಿಕೊಂಡು ನಿಂತಿದ್ದರು.