ಚಿಕ್ಕಬೈರಪ್ಪನ ಮದ್ದಿನ ಕೊಂಬು

"ಕೊಂಬು ಮಾಡಕ್ಕೆ ಬ್ರಹ್ಮವಿದ್ಯೆ ಬೇಕೇನ್ಲಾ? ಎತ್ತಿನ ತಲೇಲಿ ತಾನಾಗೇ ಬೆಳೀತದೆ!"

ವಸಂತಪುರದ ಚಿಕ್ಕಬೈರಪ್ಪ ಹೀಗೆ ಗುಡುಗಿದ್ದು ತನ್ನ ಹೆಂಡತಿಯ ತಮ್ಮ, ಉತ್ತರಹಳ್ಳಿಯ ಬೋರಣ್ಣನ ಮುಖಕ್ಕೆ. ಆಗಿನ್ನೂ ಜಯನಗರದಲ್ಲಿ ಸೈಟಿನ ಕಲ್ಲು ನೆಡುತ್ತಿದ್ದ ಕಾಲ. ವಸಂತಪುರದ ಗುಡ್ಡದ ಪೊದೆಗಳಲ್ಲಿ ಕಾಡುಹಂದಿಗಳು ಯಾರ ಅಪ್ಪಣೆಯೂ ಇಲ್ಲದೆ ಸಂಸಾರ ಮಾಡಿಕೊಂಡಿದ್ದವು. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಊರವರೆಲ್ಲ ಬೇಟೆಗೆ ಹೋಗಿ ಒಂದಾದರೂ ಹಂದಿ ಹೊತ್ತು ತರಬೇಕು, ಅದು ಪದ್ಧತಿ. ಊರಿಗಿದ್ದ ಒಂದೇ ಕೋವಿ ಚಿಕ್ಕಬೈರಪ್ಪನದು. ಅದಕ್ಕೆ ತುಂಬುವ ಮದ್ದನ್ನು ಮಹಾನುಭಾವ ಹರಳೆಣ್ಣೆ ಶೀಸೆಯಲ್ಲಿಟ್ಟಿದ್ದರಿಂದ ಅದು ಜಿಡ್ಡು ಹಿಡಿದು, ಹೋದ ವರ್ಷ ಹಂದಿಯ ಎದುರಿಗೆ ಕೋವಿ ಬರೀ 'ತುಸ್' ಅಂದಿತ್ತು. ಬೋರಣ್ಣನ ಕಥೆ ಉಲ್ಟಾ. ಅವನ ತಾತನ ಕೋವಿ ತುಕ್ಕು ಹಿಡಿದು ಮೂಲೆ ಸೇರಿದ್ದರೂ ಮದ್ದು ಕೆಡದಂತೆ ತುಂಬಿಡುವ ಕೊಂಬು ಮಾತ್ರ ಹಿತ್ತಾಳೆ ಕಟ್ಟು, ಬಿಗಿ ಬಿರಡೆ ಸಮೇತ ಅವನ ಹೆಗಲಲ್ಲಿ ತೂಗುತ್ತಿತ್ತು.

ಹಬ್ಬಕ್ಕೆಂದು ಮುನ್ನಾದಿನವೇ ಬಂದಿಳಿದ ಬೋರಣ್ಣನನ್ನು ಚಿಕ್ಕಬೈರಪ್ಪ ಆ ಕೊಂಬು ಕೇಳಿದ. ಬೋರಣ್ಣ ನಕ್ಕುಬಿಟ್ಟ. ಮಾತಿಗೆ ಮಾತು ಬೆಳೆದು ಪಂಥವಾಯಿತು. ಹೊಸತೊಡಕಿನ ಹೊತ್ತಿಗೆ ಚಿಕ್ಕಬೈರಪ್ಪ ಸ್ವಂತ ಕೈಯಿಂದ ಮದ್ದು ನಿಲ್ಲುವಂಥ ಕೊಂಬು ಮಾಡಿದರೆ ಸರಿ. ಇಲ್ಲವಾದರೆ ಬೇಟೆಯಲ್ಲಿ ಕೋವಿ ಬೋರಣ್ಣನ ಕೈಗೆ, ಚಿಕ್ಕಬೈರಪ್ಪ ಪೊದೆ ಬಡಿದು ಹಂದಿ ಎಬ್ಬಿಸಲು! ಅಪ್ಪನಿಂದ ಬಂದ ಕೋವಿಯನ್ನು ಭಾವಮೈದನಿಗೆ ಕೊಟ್ಟು, ತಾನು ದೊಣ್ಣೆ ಹಿಡಿದು 'ಹೋ ಹೋ' ಅನ್ನುವುದೇ? ಪ್ರಾಣ ಹೋದರೂ ಸೈ ಅಂತ ಅಟ್ಟ ಹತ್ತಿ, ಸತ್ತ ಎತ್ತಿನ ಕೊಂಬೊಂದನ್ನು ಇಳಿಸಿದ.

ಕೊಂಬನ್ನು ಬೇಯಿಸಿದರೆ ಒಳಗಿನ ಮೂಳೆ ಸಡಿಲವಾಗುತ್ತದೆ ಅಂತ ಅವನಿಗೆ ಯಾರೋ ಹೇಳಿದ್ದರು. ಯಾವುದರಲ್ಲಿ ಬೇಯಿಸಬೇಕು ಅಂತ ಹೇಳಿರಲಿಲ್ಲ. ಹಬ್ಬದ ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದವನ ಕಣ್ಣಿಗೆ ಬಿದ್ದದ್ದು ಬಚ್ಚಲಮನೆಯ ಹಂಡೆ. ಎಣ್ಣೆಸ್ನಾನಕ್ಕೆಂದು ಹೆಂಡತಿ ಸೊಣ್ಣಮ್ಮ ತುಂಬಿಟ್ಟಿದ್ದ ನೀರು, ಕೆಳಗೆ ಒಟ್ಟಿದ ಸೌದೆ! ಕೊಂಬು ಒಳಗೆ ಹೋಯಿತು. ಮೂಳೆ ಈಚೆಗೆ ಬಂತು. ಜೊತೆಗೆ ವಾಸನೆಯೊಂದು ಬಂತು ನೋಡಿ, ಅದನ್ನು ಬರೆಯಹೋದರೆ ಕಾಗದವೇ ಮೂಗು ಮುಚ್ಚಿಕೊಂಡೀತು. ಚಿಕ್ಕಬೈರಪ್ಪ ನೀರನ್ನು ಹಾಗೇ ಬಿಟ್ಟು ಕೊಂಬು ಎತ್ತಿಕೊಂಡು ಕೊಟ್ಟಿಗೆ ಸೇರಿದ. ನೆಂಟನೆಂಬ ಮರ್ಯಾದೆಗೆ ಮೊದಲ ಸ್ನಾನ ಬೋರಣ್ಣನದಾಯಿತು. ಸೀಗೇಪುಡಿಯ ಘಾಟಿನಲ್ಲಿ ಅವನಿಗೇನೂ ಗೊತ್ತಾಗಲಿಲ್ಲ. ಹೊಸ ಪಂಚೆಯುಟ್ಟು ಬೀದಿಗಿಳಿದಾಗ ಊರ ನಾಯಿಗಳಿಗೆಲ್ಲ ಗೊತ್ತಾಯಿತು. ಅವನ ಕಾಲು ನೆಕ್ಕುತ್ತಾ ಮನೆಯವರೆಗೂ ಬಂದವು.

ಸೊಣ್ಣಮ್ಮ ಹೋಗಿ ಹಂಡೆಯೊಳಗೆ ಇಣುಕಿದಳು. ಆಮೇಲೆ ಗಂಡನ ವಂಶವನ್ನೆಲ್ಲ ಹೆಸರು ಹಿಡಿದು ಕರೆದಳು. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕು, ಆ ಕೊಂಬನ್ನು ತಿಪ್ಪೆಗೆಸೆ ಅಂದಳು. ಅವನು ಹಂಡೆ ತಿಕ್ಕಿದ, ಕೊಂಬು ಎಸೆಯಲಿಲ್ಲ.

"ಅರ್ಧಕ್ಕೆ ಬಿಡೋ ಜಾಯಮಾನ ನಂದಲ್ಲ," ಅಂದ.

"ಬಿಟ್ಟಿದ್ರೆ ಹಬ್ಬನಾದ್ರೂ ಆಗ್ತಿತ್ತು," ಅಂದಳು ಸೊಣ್ಣಮ್ಮ.

ಕೊಂಬಿನ ತುದಿಯನ್ನು ಗರಗಸದಲ್ಲಿ ಕೊಯ್ದ. ಕಾದ ಕಂಬಿ ತೂರಿಸಿ ತೂತು ಮಾಡಿದ, ಅಂಗೈಯನ್ನೂ ಸ್ವಲ್ಪ ಸುಟ್ಟುಕೊಂಡ. ಅಗಲದ ಬಾಯಿಗೆ ಹಲಸಿನ ಹಲಗೆಯಲ್ಲಿ ದುಂಡಗೆ ಮುಚ್ಚಳ ಕೆತ್ತಿದ. ಎಂಥ ದುಂಡು ಅಂತೀರಿ, ಹುಣ್ಣಿಮೆ ಚಂದ್ರ ನಾಚಬೇಕು! ಕಷ್ಟವೇನೆಂದರೆ ಎತ್ತಿನ ಕೊಂಬು ದುಂಡಗಿರಲಿಲ್ಲ. ಮೊಟ್ಟೆಯ ಹಾಗೆ ಉದ್ದುದ್ದ. ಮುಚ್ಚಳ ಒಂದು ಕಡೆ ಕೂತರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಅರಗು ಮೆತ್ತಿ ಮುಚ್ಚಿದ. ಪರೀಕ್ಷೆಗೆ ಮದ್ದು ದಂಡ ಮಾಡುವುದೇಕೆ ಅಂತ ರಾಗಿಹಿಟ್ಟು ತುಂಬಿದ. ಬೋರಣ್ಣನನ್ನು ಕರೆದು ಎದುರಿಗೆ ನಿಲ್ಲಿಸಿ, ಗತ್ತಿನಿಂದ ಕೊಂಬು ಅಲ್ಲಾಡಿಸಿದ. ಮುಚ್ಚಳ ಠಪ್ಪಂತ ಬಿತ್ತು. ಹಿಟ್ಟು ಅರ್ಧ ನೆಲದ ಪಾಲಾಯಿತು, ಅರ್ಧ ಒಳಗೇ ಮೆತ್ತಿಕೊಂಡಿತು. ಅದನ್ನು ಕೊಡವಲು ಚಿಕ್ಕಬೈರಪ್ಪ ತುದಿಗೆ ಬಾಯಿಟ್ಟು ಸಿಟ್ಟಿನಿಂದ ಊದಿದ.

ಭೋಂ!

ಹಿಟ್ಟೆಲ್ಲ ಬೋರಣ್ಣನ ಹೊಸ ಅಂಗಿಗೆ, ಸದ್ದೆಲ್ಲ ಊರಿಗೆ. ದೇವರ ಉತ್ಸವ ಹೊರಟಿತೆಂದು ಅಕ್ಕಪಕ್ಕದವರು ಹಣ್ಣುಕಾಯಿ ತಟ್ಟೆ ಹಿಡಿದು ಬಂದೇಬಿಟ್ಟರು. ಬೋರಣ್ಣ ಮೀಸೆ ಒರೆಸಿಕೊಂಡ.

"ಮದ್ದಿಗೆ ಅಂತ ಮಾಡ್ದೆ, ಸದ್ದಿಗೆ ಆಯ್ತಲ್ಲ ಭಾವ. ಕೋವಿ ಇತ್ಲಾಗೆ ಕೊಡು."

ಕೊಟ್ಟ. ಆಡಿದ ಮಾತಿಗೆ ತಪ್ಪುವವನಲ್ಲ. ಮಾರನೇ ದಿನ ಊರವರು ಪೊದೆ ಬಡಿಯಲು ದೊಣ್ಣೆ ಕೊಡಬಂದರೆ, ನನಗೇಕೆ ದೊಣ್ಣೆ, ನನ್ನ ಕೊಂಬಿದೆ ಅಂದ. ಗುಡ್ಡದ ಬುಡದಲ್ಲಿ ನಿಂತು ಊದಿದ ನೋಡಿ! ಬೋರಣ್ಣ ನಿಲ್ಲಿಸು ಅಂತ ಕೈ ಬೀಸಿದಷ್ಟೂ ಜೋರಾಗಿ ಊದಿದ. ಹಂದಿಗಳು ಕೋವಿಯ ಎದುರಿಗೆ ಬರುವುದಿರಲಿ, ಮರಿಮಕ್ಕಳನ್ನು ಕಟ್ಟಿಕೊಂಡು ಕನಕಪುರದ ಕಡೆಗೇ ವಲಸೆ ಹೋದವು. ಒಂದು ಗುಂಡೂ ಹಾರಲಿಲ್ಲ.

ಬರಿಗೈಯಲ್ಲಿ ಹಿಂದಿರುಗುವಾಗ ಬೋರಣ್ಣನ ಮುಖ ಗಂಟು. ಚಿಕ್ಕಬೈರಪ್ಪನ ಎದೆಯೋ, ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತ್ತು. ನಿನ್ನ ತಾತನ ಕೊಂಬಿಗೆ ನನ್ನ ಕೊಂಬು ಸೆಡ್ಡು ಹೊಡೆಯಿತೋ ಇಲ್ಲವೋ ಅಂತ ದಾರಿಯುದ್ದಕ್ಕೂ ಕೇಳಿದ. ಮನೆ ಬಾಗಿಲಿಗೆ ಬಂದರೆ ಮಸಾಲೆ ಘಮಘಮ. ಹೊಸತೊಡಕಿಗೆ ಬಾಡಿಲ್ಲದಿದ್ದರೆ ಹೇಗೆ? ಗುಡ್ಡದ ಕಡೆಯಿಂದ ಕೊಂಬಿನ ಮೊದಲ ಸದ್ದು ಕೇಳಿದ್ದೇ ತಡ, ಸೊಣ್ಣಮ್ಮ ಹಂದಿಯ ಆಸೆ ಬಿಟ್ಟು ಮನೆಯ ಹುಂಜವನ್ನು ಸಾರಿಗೆ ಹಾಕಿದ್ದಳು.

ಉಬ್ಬಿದ ಎದೆ ಇಳಿಯಿತು. ಸುತ್ತಲ ಹಳ್ಳಿಯ ಹುಂಜಗಳಿಗೆಲ್ಲ ಕಾಳಗದಲ್ಲಿ ನೀರು ಕುಡಿಸಿದ ಹುಂಜ ಅದು, ಅವನ ಅಂಗೈಯಿಂದಲೇ ಕಾಳು ತಿಂದು ಬೆಳೆದದ್ದು.

"ಅದನ್ಯಾಕೆ ಕೊಯ್ದೆ? ದಿನಾ ಊರೆಲ್ಲ ಎಬ್ಬಿಸ್ತಿದ್ದುದೇ ಅದು," ಅಂದ.

ಸೊಣ್ಣಮ್ಮ ಮುದ್ದೆ ಬಡಿಸುತ್ತಾ ಅಂದಳು: "ಅದಕ್ಕೇ ಕೊಯ್ದೆ. ಊರೆಬ್ಬಿಸೋರು ಒಂದೇ ಮನೇಲಿ ಇಬ್ರು ಯಾಕೆ?"